ವಾರಂಟಿ ಕಳೆದುಕೊಳ್ಳದೆ ಲ್ಯಾಪ್‌ಟಾಪ್ ಬಿಚ್ಚುವ ಬಗೆ

ಲ್ಯಾಪ್‌ಟಾಪ್ ಕೊಂಡು ವರ್ಷ ತುಂಬುವುದರೊಳಗೆ 8 ಜಿಬಿ ರ‍್ಯಾಮ್ ಸಾಲದು ಎನಿಸುವುದು, ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ಡಿಸ್ಕ್) ತುಂಬಿಹೋಗುವುದು, ಫ್ಯಾನಿನಲ್ಲಿ ದೂಳು ಕಟ್ಟಿಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳಲಾಗದಷ್ಟು ಬಿಸಿಯಾಗುವುದು ಹಲವರ ಅನುಭವ. ಈ ಮೂರಕ್ಕೂ ಪರಿಹಾರ ತಳದ ಕವರಿನ ಒಳಗೇ ಇದೆ. ಸರಿಯಾದ ಸ್ಕ್ರೂಡ್ರೈವರ್ ಮತ್ತು ಒಂದು ಗಂಟೆಯ ತಾಳ್ಮೆ ಇದ್ದವರು ಈ ಕೆಲಸವನ್ನು ತಾವೇ ಮಾಡಿಕೊಳ್ಳಬಹುದು. ಆದರೆ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂಬ ಮಾತು ಎಷ್ಟೋ ಜನರ ಕೈ ಕಟ್ಟಿಹಾಕುತ್ತದೆ.

ಅನೇಕ ಮಾದರಿಗಳಲ್ಲಿ ಕವರ್ ತೆಗೆದ ಮಾತ್ರಕ್ಕೆ ವಾರಂಟಿ ಹೋಗುವುದಿಲ್ಲ. ತೆಗೆಯುವಾಗ ಏನನ್ನಾದರೂ ಮುರಿದರೆ, ಗೀಚಿದರೆ, ಸುಟ್ಟರೆ ಹೋಗುತ್ತದೆ. ಸರ್ವಿಸ್ ಸೆಂಟರುಗಳಲ್ಲಿ ಇದನ್ನು 'ಸಿಐಡಿ' ಎಂದು ಬರೆಯುತ್ತಾರೆ. ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್, ಅಂದರೆ ಗ್ರಾಹಕರ ಕೈಯಿಂದಾದ ಹಾನಿ ಎಂದು ಅದರ ಅರ್ಥ. ಜಾಬ್‌ಶೀಟಿನ (ರಿಪೇರಿಗೆ ಕೊಟ್ಟಾಗ ಅವರು ಬರೆಯುವ ವಿವರಪತ್ರ) ಮೇಲೆ ಒಮ್ಮೆ ಆ ಮೂರು ಅಕ್ಷರ ಬಿದ್ದರೆ ಉಚಿತ ರಿಪೇರಿಯ ಮಾತು ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಆ ಅಕ್ಷರಗಳು ಬೀಳದಂತೆ ಕೆಲಸ ಮಾಡುವುದು ಹೇಗೆ ಎಂಬುದನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಓದಬೇಕಾದ ಎರಡು ಪತ್ರಗಳು

ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮುನ್ನ ಎರಡು ದಾಖಲೆಗಳನ್ನು ಓದಬೇಕು. ಒಂದು, ನಿಮ್ಮ ಮಾದರಿಯ ವಾರಂಟಿ ಪತ್ರ. ಇನ್ನೊಂದು, ಅದೇ ಮಾದರಿಯ ಸರ್ವಿಸ್ ಕೈಪಿಡಿ. ಎರಡನೆಯದು ಗುಟ್ಟಿನ ಪುಸ್ತಕವೇನಲ್ಲ. ಲೆನೊವೊದವರು ಥಿಂಕ್‌ಪ್ಯಾಡ್‌ಗಳಿಗೆ 'ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್' ಎಂಬ ಹೆಸರಿನಲ್ಲಿ, ಎಚ್‌ಪಿಯವರು 'ಮೇಂಟೆನೆನ್ಸ್ ಆ್ಯಂಡ್ ಸರ್ವಿಸ್ ಗೈಡ್' ಎಂಬ ಹೆಸರಿನಲ್ಲಿ ಇದನ್ನು ತಮ್ಮ ಸಪೋರ್ಟ್ ತಾಣಗಳಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಡೆಲ್ ಆದರೆ ತಳದಲ್ಲಿ ಅಂಟಿಸಿರುವ ಏಳು ಅಕ್ಷರಗಳ ಸರ್ವಿಸ್ ಟ್ಯಾಗ್ ಕೊಟ್ಟರೆ ಆ ಯಂತ್ರದ ಕೈಪಿಡಿ ತೆರೆದುಕೊಳ್ಳುತ್ತದೆ. ಯಾವ ಸ್ಕ್ರೂ ಎಲ್ಲಿದೆ, ಅದರ ಉದ್ದವೆಷ್ಟು, ಯಾವ ಕ್ರಮದಲ್ಲಿ ಬಿಚ್ಚಬೇಕು ಎಂಬುದೆಲ್ಲ ಅದರಲ್ಲಿ ಚಿತ್ರಸಹಿತ ಇರುತ್ತದೆ.

ಥಿಂಕ್‌ಪ್ಯಾಡಿನ ಬಳಕೆದಾರರ ಕೈಪಿಡಿಯಲ್ಲಿ 'ಸಿಆರ್‌ಯು' ಎಂಬ ಒಂದು ಪಟ್ಟಿ ಇದೆ. ಗ್ರಾಹಕರೇ ಬದಲಿಸಬಹುದಾದ ಬಿಡಿಭಾಗಗಳ ಪಟ್ಟಿ ಅದು. ಅದರಲ್ಲೂ ಎರಡು ಬಗೆ: ಗ್ರಾಹಕರೇ ಬದಲಿಸಿಕೊಳ್ಳಬೇಕಾದ ಭಾಗಗಳು ಒಂದು, ಗ್ರಾಹಕರು ಬೇಕಾದರೆ ತಾವೇ ಬದಲಿಸಿಕೊಳ್ಳಬಹುದಾದ ಅಥವಾ ಕಂಪನಿಯವರಿಂದಲೇ ಮಾಡಿಸಿಕೊಳ್ಳಬಹುದಾದ ಭಾಗಗಳು ಇನ್ನೊಂದು. ಪಟ್ಟಿಯಲ್ಲಿ ಏನೇನಿದೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಿಮ್ಮ ಮಾದರಿಯ ಪಟ್ಟಿಯಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ತಳದ ಕವರ್ ಇದ್ದರೆ ಅವುಗಳನ್ನು ಬಿಚ್ಚಲು ಕಂಪನಿಯೇ ಒಪ್ಪಿಗೆ ಕೊಟ್ಟಂತೆ. ಪಟ್ಟಿಯಲ್ಲಿ ಇಲ್ಲದ ಭಾಗವನ್ನು ವಾರಂಟಿ ಮುಗಿಯುವವರೆಗೆ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಪಟ್ಟಿ ನಿಮ್ಮ ಮಾದರಿಗೆ ಸಿಗದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಇ-ಮೇಲ್ ಬರೆಯಿರಿ. ಮಾದರಿ, ಸೀರಿಯಲ್ ನಂಬರ್, ಮಾಡಬೇಕೆಂದಿರುವ ಕೆಲಸ ಇಷ್ಟನ್ನು ತಿಳಿಸಿ, ಇದರಿಂದ ವಾರಂಟಿಗೆ ತೊಂದರೆಯಾಗುತ್ತದೆಯೇ ಎಂದು ಒಂದೇ ಸಾಲಿನಲ್ಲಿ ಕೇಳಿ. ಫೋನಿನಲ್ಲಿ ಸಿಗುವ ಉತ್ತರ ನಾಳೆ ಯಾರ ನೆನಪಿನಲ್ಲೂ ಇರುವುದಿಲ್ಲ. ಬರಹದಲ್ಲಿ ಬಂದ ಉತ್ತರ ಕೈಯಲ್ಲಿ ಉಳಿಯುತ್ತದೆ. ಕೆಲವು ಯಂತ್ರಗಳಲ್ಲಿ ಒಂದು ಸ್ಕ್ರೂವಿನ ತಲೆಯ ಮೇಲೆ ಚಿಕ್ಕ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದನ್ನು ಕಂಪನಿಯವರು ಅಂಟಿಸಿದ್ದೋ ಅಂಗಡಿಯವರು ಅಂಟಿಸಿದ್ದೋ ಎಂದು ಅದೇ ಇ-ಮೇಲಿನಲ್ಲಿ ಕೇಳಿಬಿಡಿ, ಉತ್ತರ ಬರುವವರೆಗೆ ಅದನ್ನು ಹರಿಯಬೇಡಿ.

ಸ್ಟಿಕ್ಕರ್ ಹರಿದರೂ ಕಂಪನಿಯವರು ವಾರಂಟಿ ರದ್ದು ಮಾಡುವಂತಿಲ್ಲ ಎಂಬ ತಪ್ಪು ತಿಳಿವಳಿಕೆಯೊಂದು ವಿಡಿಯೊಗಳ ಮೂಲಕ ನಮ್ಮಲ್ಲಿ ಹರಡಿದೆ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಅದರ ಆಧಾರದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರ ಏಪ್ರಿಲ್‌ನಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆದು, ಸ್ಟಿಕ್ಕರ್ ತೆಗೆದರೆ ವಾರಂಟಿ ರದ್ದು ಎನ್ನುವಂಥ ಷರತ್ತುಗಳಿಗೆ ಆಕ್ಷೇಪ ಎತ್ತಿತು. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ರಕ್ಷಣೆ ಉಂಟು. ಆದರೆ ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ಕೊಂಡ ಯಂತ್ರಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ವಾರಂಟಿ ಪತ್ರದ ಮಾತು ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಎಂಬ ಪೋರ್ಟಲ್ ಆರಂಭಿಸಿ, ಕಂಪನಿಗಳ ಕೈಪಿಡಿ, ಬಿಡಿಭಾಗ, ವಾರಂಟಿ ಮಾಹಿತಿ ಒಂದೇ ಕಡೆ ಸಿಗುವಂತೆ ಮಾಡಲು ಹೊರಟಿದೆ. ಅದನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಬಿಚ್ಚುವ ಅಗತ್ಯವಿದೆಯೇ?

ಇದನ್ನು ಕವರ್ ತೆಗೆಯದೆಯೇ ತಿಳಿಯಬಹುದು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಆರಿಸಿಕೊಂಡರೆ ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಬಳಕೆಯಲ್ಲಿವೆ ಎಂದು ತೋರಿಸುತ್ತದೆ. ಅಲ್ಲಿ 'ಫಾರ್ಮ್ ಫ್ಯಾಕ್ಟರ್' ಎಂಬ ಸಾಲಿನಲ್ಲಿ 'ಎಸ್‌ಒಡಿಐಎಂಎಂ' ಎಂದಿದ್ದರೆ ಬದಲಿಸಬಹುದಾದ ರ‍್ಯಾಮ್ ಇದೆ ಎಂದರ್ಥ. 'ರೋ ಆಫ್ ಚಿಪ್ಸ್' ಎಂದಿದ್ದರೆ ಆ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿದೆ. ಬೇರೆ ಖಾಲಿ ಸ್ಲಾಟ್ ಇಲ್ಲದಿದ್ದರೆ ಬಿಚ್ಚಿ ಪ್ರಯೋಜನವಿಲ್ಲ. ತೆಳುವಾದ ಯಂತ್ರಗಳಲ್ಲಿ ಇದು ಈಗ ಹೆಚ್ಚಾಗಿದೆ. ಅಂಗಡಿಯಲ್ಲಿ ರ‍್ಯಾಮ್ ಕೊಂಡುಬಂದ ಮೇಲೆ ಇದು ಗೊತ್ತಾಗಿ ಪೇಚಾಡಿದವರನ್ನು ಕಂಡಿದ್ದೇನೆ.

ಕೊಳ್ಳುವಾಗ ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮಿನ ಬೇರೆ ಬೇರೆ ತಲೆಮಾರುಗಳು ಎಂಬುದು ನೆನಪಿರಲಿ. ಲ್ಯಾಪ್‌ಟಾಪಿನ ಡಿಡಿಆರ್4ಗೆ 260 ಪಿನ್, ಡಿಡಿಆರ್5ಗೆ 262 ಪಿನ್. ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಎನ್‌ವಿಎಂಇ ಮತ್ತು ಸಾಟಾ ಎಂಬ ಎರಡು ಬಗೆಯ ಸಂಪರ್ಕಗಳ ವ್ಯತ್ಯಾಸವನ್ನೂ ಅಳತೆಯನ್ನೂ ನೋಡಬೇಕು. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, 2242 ಎಂದರೆ ಉದ್ದ 42 ಮಿ.ಮೀ. ಮಾತ್ರ.

ಸಿದ್ಧತೆ

ಡೇಟಾ ಬ್ಯಾಕಪ್ ಮಾಡಿಕೊಳ್ಳುವುದು ಮೊದಲ ಕೆಲಸ. ಅದರ ಬೆನ್ನಿಗೇ ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್ ಕಡೆಗೆ ಗಮನ ಕೊಡಬೇಕು. ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ನಮಗೆ ತಿಳಿಯದೆಯೇ ಚಾಲೂ ಆಗಿರುವುದುಂಟು. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಚಾಲೂ ಆಗುವ ಯಂತ್ರದ ಮೂಲ ತಂತ್ರಾಂಶ) ಏನಾದರೂ ಬದಲಾದರೆ ಯಂತ್ರ ಆನ್ ಆಗುವಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮುಂಚೆಯೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಆಮೇಲೆ ಫೋಟೊಗಳು. ಯಂತ್ರದ ಮೇಲ್ಭಾಗ, ತಳ, ನಾಲ್ಕೂ ಅಂಚು, ಹಿಂಜುಗಳು, ಸೀರಿಯಲ್ ನಂಬರ್ ಇವೆಲ್ಲವನ್ನೂ ಹಗಲ ಬೆಳಕಿನಲ್ಲಿ ತೆಗೆಯಿರಿ. ಮುಂದೆ ಹಿಂಜು ಸಡಿಲವಾಗಿ ಕ್ಲೈಮ್ ಮಾಡಿದಾಗ, ಅದು ಬಿಚ್ಚುವಾಗ ಮುರಿದದ್ದಲ್ಲ ಎಂದು ತೋರಿಸಲು ದಿನಾಂಕವಿರುವ ಈ ಫೋಟೊಗಳೇ ಸಾಕ್ಷಿ.

ಸಲಕರಣೆಗಳು ಹೆಚ್ಚು ಬೇಡ. ಆದರೆ ಮನೆಯಲ್ಲಿ ಕರೆಂಟ್ ನೋಡಲು ಇಟ್ಟುಕೊಂಡಿರುವ ಟೆಸ್ಟರಿನಿಂದ ಮಾತ್ರ ಈ ಸ್ಕ್ರೂಗಳನ್ನು ಮುಟ್ಟಬೇಡಿ. ಬಹುಪಾಲು ವಿಂಡೋಸ್ ಲ್ಯಾಪ್‌ಟಾಪ್‌ಗಳ ತಳದಲ್ಲಿರುವುದು ಪ್ಲಸ್ ಆಕಾರದ ಚಿಕ್ಕ ಸ್ಕ್ರೂ. ಅದಕ್ಕೆ ಪಿಎಚ್0 ಅಥವಾ ಪಿಎಚ್00 ಬಿಟ್ ಬೇಕು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈ ಪ್ಲಸ್ಸನ್ನೇ 'ಸ್ಟಾರ್' ಎನ್ನುತ್ತಾರೆ. ಕೆಲವು ಯಂತ್ರಗಳಲ್ಲಿ ಆರು ಮೂಲೆಗಳ ಟಾರ್ಕ್ಸ್ ಟಿ5 ಇರುತ್ತದೆ, ಮ್ಯಾಕ್‌ಬುಕ್‌ಗಳ ತಳದಲ್ಲಿ ಐದು ದಳಗಳ ಪೆಂಟಾಲೋಬ್ ಇರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಸ್ಟಾರ್ ಎಂದಷ್ಟೇ ಹೇಳಿದರೆ ತಪ್ಪು ಬಿಟ್ ಕೈಗೆ ಬರಬಹುದು. ತಲೆ ಸವೆದ ಸ್ಕ್ರೂ ಸರ್ವಿಸ್ ಎಂಜಿನಿಯರ್ ಕಣ್ಣಿಗೆ ಮೊದಲು ಬೀಳುವ ಗುರುತು. ಕವರ್ ಎಬ್ಬಿಸಲು ಹಳೆಯ ಎಟಿಎಂ ಕಾರ್ಡ್ ಅಥವಾ ಗಿಟಾರಿನ ಪ್ಲಾಸ್ಟಿಕ್ ಪಿಕ್ ಸಾಕು. ಲೋಹದ ಚಾಕು, ಬ್ಲೇಡು ಬೇಡ.

ಸ್ಥಾಯೀ ವಿದ್ಯುತ್ತಿನ ವಿಷಯದಲ್ಲಿ ನಮ್ಮ ನಾಡಿನ ಎಲ್ಲ ಊರುಗಳೂ ಒಂದೇ ಅಲ್ಲ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯ ಒಣ ಗಾಳಿಯಲ್ಲಿ ನೈಲಾನ್ ಬಟ್ಟೆ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದರೆ ಬಾಗಿಲ ಚಿಲಕ ಮುಟ್ಟಿದಾಗ ಚುರುಕ್ ಎನ್ನುವುದು ಅಲ್ಲಿಯವರಿಗೆ ಗೊತ್ತು. ನಮಗೆ ಚುರುಕ್ ಎಂದೂ ಅನಿಸದಷ್ಟು ಸಣ್ಣ ಕಿಡಿ ಚಿಪ್ ಒಂದನ್ನು ಕೆಡಿಸಬಲ್ಲದು. ಹತ್ತಿ ಬಟ್ಟೆ ತೊಡಿ, ಮರದ ಮೇಜಿನ ಮೇಲೆ ಕೆಲಸ ಮಾಡಿ, ಒಳಗೆ ಕೈಹಾಕುವ ಮುನ್ನ ನೆಲಕ್ಕೆ ಸಂಪರ್ಕವಿರುವ ಬಣ್ಣ ಬಳಿಯದ ಲೋಹವನ್ನು ಮುಟ್ಟಿ. ಆ್ಯಂಟಿ-ಸ್ಟ್ಯಾಟಿಕ್ ಕೈಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಮಂಗಳೂರು, ಕಾರವಾರದ ಕಡೆ ತೊಂದರೆ ಬೇರೆ ಬಗೆಯದು. ಅಲ್ಲಿ ಬೆವರು ಹನಿಯದಂತೆ ನೋಡಿಕೊಳ್ಳಬೇಕು, ಚಿನ್ನದ ಬಣ್ಣದ ಸಂಪರ್ಕ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಲೇಬಾರದು. ಒಳಗೆ ಕೆಲವೆಡೆ ತೇವ ತಗಲಿದರೆ ಬಿಳಿಯಿಂದ ಕೆಂಪಿಗೆ ತಿರುಗುವ ಪುಟ್ಟ ಸ್ಟಿಕ್ಕರುಗಳಿರಬಹುದು. ಅವು ಕೆಂಪಾದರೆ ಕ್ಲೈಮ್ ಕಷ್ಟ. ಹಾಗಾಗಿ ಆ ಮೇಜಿನ ಮೇಲೆ ಚಹಾ ಲೋಟ, ನೀರಿನ ಬಾಟಲಿ ಇರಕೂಡದು.

ಕವರ್ ತೆಗೆಯುವುದು

ಥಿಂಕ್‌ಪ್ಯಾಡ್‌ನಲ್ಲಾದರೆ ಮೊದಲು ಕಂಟ್ರೋಲ್ ಪ್ಯಾನೆಲಿನ ಪವರ್ ಆಯ್ಕೆಗಳಲ್ಲಿ 'ಫಾಸ್ಟ್ ಸ್ಟಾರ್ಟಪ್' ನಿಲ್ಲಿಸಬೇಕು. ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಲಾಂಛನ ಕಂಡಾಗ ಎಫ್1 ಒತ್ತಿ ಬಯಾಸ್ ಪ್ರವೇಶಿಸಿ, ಕಾನ್ಫಿಗ್‌ನ ಒಳಗೆ ಪವರ್ ವಿಭಾಗದಲ್ಲಿ 'ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ' ಎಂಬುದನ್ನು ಆರಿಸಿದರೆ ಬ್ಯಾಟರಿಯಿಂದ ವಿದ್ಯುತ್ ಹರಿಯುವುದು ನಿಂತು ಯಂತ್ರ ತಾನೇ ಆಫ್ ಆಗುತ್ತದೆ. ಮತ್ತೆ ಚಾರ್ಜರ್ ಚುಚ್ಚುವವರೆಗೆ ಅದು ಏಳುವುದಿಲ್ಲ. ಈ ಸೌಕರ್ಯವಿಲ್ಲದ ಯಂತ್ರಗಳಲ್ಲಿ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಕೈಪಿಡಿ ಹೇಳಿದ ರೀತಿಯಲ್ಲಿ ಮುಂದುವರಿಯಬೇಕು. ಬಿಸಿಯಿದ್ದರೆ ಕೆಲವು ನಿಮಿಷ ಆರಲು ಬಿಡಿ.

ಸ್ಕ್ರೂಗಳ ಬಗ್ಗೆ ಕೊಂಚ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ಸಿಐಡಿ ಎಂಬ ಮಾತು ಕಲಿತದ್ದೇ ಒಂದು ಸ್ಕ್ರೂವಿನಿಂದ. ನನ್ನ ಮೊದಲ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿ ಮುಚ್ಚುವಾಗ ಹಿಂಜಿನ ಬಳಿಯ ಉದ್ದದ ಸ್ಕ್ರೂವನ್ನು ಮುಂದಿನ ಅಂಚಿನ ರಂಧ್ರಕ್ಕೆ ಹಾಕಿದೆ. ಕೊನೆಯ ಎರಡು ಸುತ್ತು ಬಿಗಿಯಾಗಿದ್ದರೂ ತಿರುಗಿಸಿದೆ. ಯಂತ್ರ ತಿರುವಿ ನೋಡಿದಾಗ ಟಚ್‌ಪ್ಯಾಡ್ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಉಬ್ಬು ಎದ್ದಿತ್ತು. ಆರು ತಿಂಗಳ ಬಳಿಕ ಟಚ್‌ಪ್ಯಾಡ್ ಕೆಟ್ಟಾಗ ಸರ್ವಿಸ್ ಸೆಂಟರಿನವರು ಆ ಉಬ್ಬನ್ನೇ ತೋರಿಸಿ ಕ್ಲೈಮ್ ನಿರಾಕರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು.

ಅಂದಿನಿಂದ ಒಂದು ಹಾಳೆಯ ಮೇಲೆ ಯಂತ್ರದ ತಳದ ಚಿತ್ರ ಬರೆದು, ಪ್ರತಿ ಸ್ಕ್ರೂ ಬಂದ ಜಾಗದಲ್ಲೇ ಅದನ್ನು ಸೆಲ್ಲೋಟೇಪಿನಿಂದ ಅಂಟಿಸುವುದು ನನ್ನ ಅಭ್ಯಾಸ. ಕೆಲವರು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆಯಾಗಿ ಇಡುತ್ತಾರೆ. ತಟ್ಟೆಗೆ ಕೈ ತಗಲಿದರೆ ಎಲ್ಲವೂ ಕಲೆತುಹೋಗುವುದರಿಂದ ಹಾಳೆಯೇ ಮೇಲು. ಕೆಲವು ಯಂತ್ರಗಳ ಸ್ಕ್ರೂಗಳು ಸಡಿಲವಾದ ಮೇಲೂ ಕವರಿನಲ್ಲೇ ಉಳಿಯುತ್ತವೆ, ಅವುಗಳನ್ನು ಎಳೆದು ಕೀಳಬಾರದು. ರಬ್ಬರ್ ಪಾದಗಳ ಕೆಳಗೆ ಅಡಗಿದ ಸ್ಕ್ರೂಗಳಿವೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಸ್ಕ್ರೂಗಳೆಲ್ಲ ಬಂದ ಮೇಲೂ ಕವರ್ ಒಳಗಿನ ಪ್ಲಾಸ್ಟಿಕ್ ಕೊಕ್ಕೆಗಳಿಂದ ಹಿಡಿದುಕೊಂಡಿರುತ್ತದೆ. ಸಾಮಾನ್ಯವಾಗಿ ಹಿಂಜಿನ ಬದಿಯ ಮೂಲೆಯಿಂದ ಆರಂಭಿಸಿ, ಕಾರ್ಡಿನ ಅಂಚನ್ನು ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಒಳಗೆ ತೂರಿಸದೆ, ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿಕೊಂಡು ಹೋಗಬೇಕು. ಕೊಕ್ಕೆ ಬಿಟ್ಟಾಗ ಟಕ್ ಎಂಬ ಸಣ್ಣ, ಮೊಂಡು ಸದ್ದು ಬರುತ್ತದೆ, ಕವರ್ ಅಷ್ಟು ಮೇಲೇಳುತ್ತದೆ. ಕೊಕ್ಕೆ ಮುರಿದರೆ ಸದ್ದು ಚೂಪಾಗಿರುತ್ತದೆ. ಒಂದು ಕಡೆ ಏಳುತ್ತಲೇ ಇಲ್ಲವೆಂದರೆ ಬಲ ಹಾಕಬೇಡಿ. ಅಲ್ಲಿ ಇನ್ನೊಂದು ಸ್ಕ್ರೂ ಉಳಿದಿದೆ ಎಂದೇ ತಿಳಿಯಿರಿ.

ಒಳಗಿನ ಕೆಲಸ

ಕವರ್ ತೆಗೆದ ಕೂಡಲೇ, ಏನನ್ನೂ ಮುಟ್ಟುವ ಮೊದಲು ಒಂದು ಫೋಟೊ ತೆಗೆದುಕೊಳ್ಳಿ. ಬ್ಯಾಟರಿ ಉಬ್ಬಿರುವುದು ಕಂಡರೆ ಒತ್ತಬೇಡಿ, ಎತ್ತಬೇಡಿ. ಕವರನ್ನು ಬಿಗಿ ಮಾಡದೆ ಮೇಲಿಟ್ಟು, ಯಂತ್ರವನ್ನು ಆನ್ ಮಾಡದೆ ನೇರ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಉಬ್ಬಿದ ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು.

ಬ್ಯಾಟರಿ ಸರಿಯಾಗಿದ್ದರೆ ಅದರ ಕನೆಕ್ಟರನ್ನು ಬಿಡಿಸಬೇಕು. ಕೆಲವದರಲ್ಲಿ ಅದು ಬೋರ್ಡಿಗೆ ಸಮಾನಾಂತರವಾಗಿ ಜಾರಿ ಹೊರಬರುತ್ತದೆ, ಕೆಲವದರಲ್ಲಿ ನೇರ ಮೇಲಕ್ಕೆ ಏಳುತ್ತದೆ, ಇನ್ನು ಕೆಲವದರಲ್ಲಿ ತಂತಿಯ ಕೊಂಡಿಯೊಂದನ್ನು ಮೊದಲು ಹಿಂದಕ್ಕೆ ತಿರುವಬೇಕು. ತಂತಿಗಳನ್ನು ಹಿಡಿದು ಎಳೆಯುವುದು ಯಾವುದರಲ್ಲೂ ಸಲ್ಲ; ಪ್ಲಾಸ್ಟಿಕ್ ತುದಿಯನ್ನೇ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ತಳ್ಳಬೇಕು. ಬಿಡಿಸಿದ ಮೇಲೆ ಪವರ್ ಬಟನ್ನನ್ನು 15ರಿಂದ 20 ಸೆಕೆಂಡು ಒತ್ತಿಹಿಡಿದರೆ ಉಳಿದ ವಿದ್ಯುತ್ತೂ ಖಾಲಿಯಾಗುತ್ತದೆ.

ಹಳೆಯ ರ‍್ಯಾಮ್ ತೆಗೆಯಲು ಎರಡೂ ಬದಿಯ ಕ್ಲಿಪ್ಪುಗಳನ್ನು ಉಗುರಿನಿಂದ ಹೊರಕ್ಕೆ ಸರಿಸಿದರೆ ಅದು ತಾನೇ ಓರೆಯಾಗಿ ಮೇಲೇಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ ಒಳಗೆ ತಳ್ಳಿ, ಚಿನ್ನದ ಬಣ್ಣದ ಪಟ್ಟಿ ಬಹುತೇಕ ಮರೆಯಾದ ಮೇಲೆ ಕೆಳಗೆ ಒತ್ತಿ. ಎರಡೂ ಕ್ಲಿಪ್ಪುಗಳು ಕಚ್ಚಿಕೊಂಡ ಸದ್ದು ಕೇಳಬೇಕು. ಎಸ್‌ಎಸ್‌ಡಿಗೆ ತುದಿಯಲ್ಲಿ ಒಂದೇ ಸ್ಕ್ರೂ. ಅದನ್ನು ತೆಗೆದರೆ ಎಸ್‌ಎಸ್‌ಡಿಯೂ ಓರೆಯಾಗಿ ಏಳುತ್ತದೆ. ಅದರ ಮೇಲೆ ಬಿಸಿ ಹೀರುವ ಮೆತ್ತನೆಯ ಪ್ಯಾಡ್ ಇದ್ದರೆ ಹರಿಯದಂತೆ ತೆಗೆದಿಟ್ಟು ಹಾಗೆಯೇ ಮರಳಿ ಇಡಿ.

ಫ್ಯಾನ್ ಶುಚಿಮಾಡುವಾಗ ರೆಕ್ಕೆಗಳು ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು ಗಾಳಿ ಹಾಯಿಸಬೇಕು. ಜೋರು ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಕ್ಯಾಮೆರಾ ಒರೆಸಲು ಬಳಸುವ ರಬ್ಬರ್ ಬ್ಲೋವರ್ ಮತ್ತು ಮೆತ್ತನೆಯ ಬ್ರಷ್ ಇದಕ್ಕೆ ಹೊಂದುತ್ತವೆ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ, ವ್ಯಾಕ್ಯೂಮ್ ಕ್ಲೀನರ್ ಸ್ಥಾಯೀ ವಿದ್ಯುತ್ ಹುಟ್ಟಿಸುತ್ತದೆ. ನಿಜವಾದ ದೂಳು ಕೂರುವುದು ಫ್ಯಾನಿಗೂ ಬಿಸಿ ಹೊರಹಾಕುವ ಲೋಹದ ಭಾಗವಾದ ಹೀಟ್‌ಸಿಂಕಿನ ತೆಳು ಎಲೆಗಳಿಗೂ ನಡುವೆ. ಅಲ್ಲಿ ಅದು ಕಂಬಳಿಯ ತುಂಡಿನಂತೆ ಒಂದೇ ಪದರವಾಗಿ ಹೆಪ್ಪುಗಟ್ಟಿರುತ್ತದೆ, ಚಿಮ್ಮಟದಲ್ಲಿ ಹಿಡಿದರೆ ಇಡಿಯಾಗಿ ಬರುತ್ತದೆ. ಫ್ಯಾನನ್ನು ಪ್ರತ್ಯೇಕವಾಗಿ ತೆಗೆಯಲು ಬಂದರೆ ಮತ್ತು ಕೈಪಿಡಿ ಅದನ್ನು ಗ್ರಾಹಕರಿಗೆ ಬಿಟ್ಟಿದ್ದರೆ ತೆಗೆದು ಶುಚಿಮಾಡಿ. ಹೀಟ್‌ಸಿಂಕ್ ಮತ್ತು ಫ್ಯಾನ್ ಒಂದೇ ತುಂಡಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಹೀಟ್‌ಸಿಂಕ್ ಎತ್ತಿದರೆ ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಎಂಬ ಲೇಪ ಕಳಚಿಕೊಳ್ಳುತ್ತದೆ, ಮತ್ತೆ ಹೊಸದಾಗಿ ಹಚ್ಚಲೇಬೇಕಾಗುತ್ತದೆ. ವಾರಂಟಿಯಲ್ಲಿರುವ ಯಂತ್ರಕ್ಕೆ ಆ ಕೆಲಸವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಮುಚ್ಚಿ ಆನ್ ಮಾಡುವುದು

ಬ್ಯಾಟರಿ ಕನೆಕ್ಟರ್ ಮರಳಿ ಕೂರಿಸಿ, ಒಳಗೆ ಸ್ಕ್ರೂ ಬಿದ್ದಿಲ್ಲವೆಂದು ನೋಡಿ, ಅಂಚುಗಳನ್ನು ಒತ್ತಿ ಕೊಕ್ಕೆ ಕೂರಿಸಿದ ಮೇಲೆಯೇ ಸ್ಕ್ರೂ ಹಾಕಬೇಕು. ಮೊದಲು ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಬಿಗಿ ಮಾಡುತ್ತ ಹೋಗಿ. ಚಾರ್ಜರ್ ಚುಚ್ಚಿ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು. ಹೊಸ ರ‍್ಯಾಮನ್ನು, ಅದರಲ್ಲೂ ಡಿಡಿಆರ್5 ಅನ್ನು, ಯಂತ್ರ ಪರೀಕ್ಷಿಸಿಕೊಳ್ಳುವ ಹೊತ್ತು ಅದು. ಗಾಬರಿಯಿಂದ ಪವರ್ ಬಟನ್ ಒತ್ತಿ ನಿಲ್ಲಿಸಬೇಡಿ.

ಮುಂದೆ ಕ್ಲೈಮ್ ಮಾಡಬೇಕಾಗಿ ಬಂದರೆ

ತೆಗೆದ ಹಳೆಯ ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳನ್ನು ಹೊಸದು ಬಂದ ಪೊಟ್ಟಣದಲ್ಲೇ ಇಟ್ಟು, ವಾರಂಟಿ ಮುಗಿಯುವವರೆಗೆ ಜೋಪಾನ ಮಾಡಿ, ಮಾರಬೇಡಿ. ನೀವು ಹಾಕಿದ ಭಾಗಕ್ಕೆ ಲ್ಯಾಪ್‌ಟಾಪಿನ ವಾರಂಟಿ ಇಲ್ಲ, ಅದಕ್ಕೆ ಅದರದೇ ಬಿಲ್ಲು ಮತ್ತು ವಾರಂಟಿ. ತೊಂದರೆ ಕಂಡರೆ ಮೊದಲು ಹಳೆಯ ಭಾಗಗಳನ್ನು ಹಾಕಿ ನೋಡಿ. ತೊಂದರೆ ಉಳಿದರೆ ಕಾರಣ ಯಂತ್ರದಲ್ಲೇ ಇರುವ ಸಂಭವ ಹೆಚ್ಚು. ಆಗ ಹಳೆಯ ಭಾಗಗಳೊಡನೆಯೇ ಸರ್ವಿಸ್‌ಗೆ ಕೊಡಿ. ರ‍್ಯಾಮ್ ಬದಲಿಸಿದ್ದೀರಾ ಎಂದು ಕೇಳಿದರೆ ಹೌದೆನ್ನಿ, ಕೈಪಿಡಿಯ ಪುಟವನ್ನೂ ಇ-ಮೇಲನ್ನೂ ತೋರಿಸಿ. ಬಚ್ಚಿಟ್ಟ ಸಂಗತಿ ಹೊರಬಿದ್ದರೆ ನಿಮ್ಮ ನಿಜವಾದ ಮಾತನ್ನೂ ಯಾರೂ ನಂಬುವುದಿಲ್ಲ.

ಕೌಂಟರಿನಲ್ಲಿ ಯಂತ್ರ ಒಪ್ಪಿಸುವಾಗ ಅವರ ಎದುರಿಗೇ ಫೋಟೊ ತೆಗೆದು, ಜಾಬ್‌ಶೀಟಿನಲ್ಲಿ ಹೊರಗಿನ ಸ್ಥಿತಿಯನ್ನು ಬರೆಸಿಕೊಂಡು ಪ್ರತಿ ಪಡೆಯಿರಿ. ಬಿಚ್ಚಿದ್ದೀರಿ ಎಂಬ ಒಂದೇ ಕಾರಣಕ್ಕೆ ನಿರಾಕರಿಸಿದರೆ ವಾದಕ್ಕೆ ಇಳಿಯದೆ, ವಾರಂಟಿ ಪತ್ರದ ಯಾವ ಷರತ್ತಿನಂತೆ ನಿರಾಕರಿಸಲಾಗಿದೆ, ನಿಮ್ಮ ಕೆಲಸದಿಂದ ಯಾವ ಭಾಗಕ್ಕೆ ಯಾವ ಹಾನಿಯಾಗಿದೆ ಎಂಬುದನ್ನು ಬರಹದಲ್ಲಿ ಕೊಡುವಂತೆ ಕೇಳಿ. ಅದಕ್ಕೂ ಸರಿಯಾದ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡ ಯಂತ್ರಕ್ಕೆ ಬೀದರಿನವರು ಬೀದರಿನಲ್ಲೇ ದೂರಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು, ಮತ್ತು ದೂರಿನ ಜೊತೆ ಬಿಲ್ಲು, ವಾರಂಟಿ ಪತ್ರ, ಕಂಪನಿಯ ಇ-ಮೇಲ್, ಜಾಬ್‌ಶೀಟ್, ಬಿಚ್ಚುವ ಮುನ್ನ ತೆಗೆದ ಫೋಟೊಗಳು ಇವಿಷ್ಟನ್ನೂ ಲಗತ್ತಿಸಬೇಕು.